ಲಾರಿಯಲ್ಲಿ ಬಂದ ಸರಳತೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್ ಕಡೆ ಕನ್ನಡ ಸಂಸಾರವೊಂದು ಮನೆ ಮಾರಲು ಹೊರಟರೆ ಏಜೆಂಟಿನ ಬೆನ್ನಿಗೇ ಇನ್ನೊಬ್ಬಳು ಬರುತ್ತಾಳೆ. ಕಸುಬಿನ ಹೆಸರು ಹೋಮ್ ಸ್ಟೇಜರ್. ಕೈಯಲ್ಲಿ ಅಳತೆ ಟೇಪು, ದನಿಯಲ್ಲಿ ಸಾವಿನ ಮನೆಗೆ ಮಾತಾಡಿಸಲು ಬಂದವರ ನಯ. ಒಂದು ಸುತ್ತು ಹಾಕಿ ತೀರ್ಪು ಕೊಡುತ್ತಾಳೆ: ಮನೆಯೇನೋ ಚೆನ್ನಾಗಿದೆ, ಆದರೆ ನೀವು ಇದರಲ್ಲಿ ವಾಸ ಮಾಡಿರುವುದು ಗೊತ್ತಾಗಿಬಿಡುತ್ತದೆ. ಆ ಕುರುಹು ಅಳಿಸುವುದೇ ಈಕೆಯ ವಿದ್ಯೆ. ಫ್ರಿಜ್ ಬಾಗಿಲಿನ ಆಯಸ್ಕಾಂತದ ಗೊಂಬೆಗಳು, ಮಗಳ ರಂಗಪ್ರವೇಶದ ಫೋಟೋ, ವೆಟ್ ಗ್ರೈಂಡರ್, ಸಾಸಿವೆ ಡಬ್ಬಿ ಎಲ್ಲವೂ ಗ್ಯಾರೇಜಿಗೆ. ಬಟ್ಟೆ ಬೀರು ಅರ್ಧ ಖಾಲಿಯಾಗಬೇಕು, ಮನೆಯವರ ಸೀರೆಗಳಿಗಿಂತ ಅದರೊಳಗಿನ ಗಾಳಿಗೆ ಬೆಲೆ ಜಾಸ್ತಿ. ಮೆಟ್ಟಿಲ ಕೆಳಗಿನ ದೇವರ ಗೂಡು ಒಂದೇ ಮಧ್ಯಾಹ್ನದಲ್ಲಿ ಹೋಮ್ ಆಫೀಸ್ ಆಗುತ್ತದೆ. ಧರ್ಮ ನೋಡಿ ಮನೆ ಮಾರಬಾರದೆಂದು ಅಮೆರಿಕದಲ್ಲಿ 1968ರಿಂದಲೂ ಕಾನೂನಿದೆ. ಈಕೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಯಾವ ಧರ್ಮದ ದೇವರಾದರೂ ಭೇದವಿಲ್ಲದೆ ರಟ್ಟಿನ ಪೆಟ್ಟಿಗೆಗೆ ಹಾಕಿಸುತ್ತಾಳೆ. ಇನ್ನು ಒಗ್ಗರಣೆಗೆ, ಮನೆ ಮಾರಾಟವಾಗುವವರೆಗೆ, ನಿಷೇಧ.

ಇಷ್ಟಕ್ಕೇ ನಿಂತಿದ್ದರೆ ಈಕೆಯನ್ನು ವೈರಾಗ್ಯದ ಗುರುವೆಂದು ಒಪ್ಪಬಹುದಿತ್ತು. ಆದರೆ ಮನೆಯವರ ಸಾಮಾನು ಹೊರಗೆ ಹೋದ ಮರುದಿನವೇ ಬಾಗಿಲಿಗೆ ಲಾರಿ ಬಂದು ನಿಲ್ಲುತ್ತದೆ, ಸರಳತೆ ಅದರಿಂದ ಇಳಿಯುತ್ತದೆ. ಯಾರೂ ಕಾಲು ಚಾಚದ ಬಿಳಿ ಸೋಫಾ, ಯಾರೂ ಕೈ ಒರೆಸದ ಬಿಳಿ ಟವೆಲ್ಲು, ಬೆನ್ನು ಗೋಡೆಗೆ ಮಾಡಿ ಜೋಡಿಸಿದ, ಹೆಸರೇ ಕಾಣದ ಪುಸ್ತಕಗಳು, ಬಟ್ಟಲು ತುಂಬ ನಿಂಬೆಹಣ್ಣು, ನೆತ್ತಿಗೆ ಕರಾಟೆ ಏಟು ತಿಂದು ನಡುವೆ ತಗ್ಗಾದ ದಿಂಬುಗಳು. ಗೋಡೆಗೆ ಅಲ್ಲಿ ಬಹು ಜನಪ್ರಿಯವಾದ ಒಂದು ಬೂದು ಬಣ್ಣ, ಡಬ್ಬಿಯ ಮೇಲಿನ ಹೆಸರೇ 'ಅಗ್ರೀಯಬಲ್ ಗ್ರೇ'. ಯಾರೊಂದಿಗೂ ಜಗಳವಾಡದ ಬೂದು ಎನ್ನೋಣ. ತೆಗೆದದ್ದು ಬಳಸುವ ವಸ್ತು, ತಂದದ್ದು ಬಳಸಬಾರದ ವಸ್ತು, ಮಧ್ಯೆ ಸಾವಿರಾರು ಡಾಲರಿನ ಬಿಲ್ಲು. 1972ರಲ್ಲಿ ಸಿಯಾಟಲ್ ಸೀಮೆಯ ಬಾರ್ಬ್ ಶ್ವಾರ್ಟ್ಸ್ ಎಂಬಾಕೆ ಈ ಕಸುಬನ್ನು ಶುರುಮಾಡಿದರೆಂದು ಹೇಳುತ್ತಾರೆ. 'ಸ್ಟೇಜ್' ಎಂಬ ಹೆಸರಿನಲ್ಲಾದರೂ ಪ್ರಾಮಾಣಿಕತೆಯಿದೆ, ಇದು ನಾಟಕವೇ. ನಮ್ಮ ಕಂಪನಿ ನಾಟಕಗಳಲ್ಲೂ ಅರಮನೆಯ ಪರದೆ ಇಳಿಯುತ್ತಿತ್ತು. ಆದರೆ ಆ ಪರದೆ ನೋಡಿ ಅರಮನೆಗೆ ಮುಂಗಡ ಕೊಟ್ಟ ಪ್ರೇಕ್ಷಕನಿಲ್ಲ.

ಕೇಳಿದರೆ ಈಕೆ ಅಂಕಿಅಂಶ ಮುಂದಿಡುತ್ತಾಳೆ. ಅಲ್ಲಿನ ರಿಯಲ್ಟರುಗಳ ರಾಷ್ಟ್ರೀಯ ಸಂಘದ 2023ರ ಸಮೀಕ್ಷೆಯಲ್ಲಿ, ಸಜ್ಜುಗೊಳಿಸಿದ ಮನೆಯನ್ನು ತಮ್ಮದೆಂದು ಕಲ್ಪಿಸಿಕೊಳ್ಳುವುದು ಗಿರಾಕಿಗಳಿಗೆ ಸುಲಭ ಎಂದವರು ಶೇಕಡ 81. ಸರಿ, ಆದರೆ ಹಾಗೆಂದವರು ಕೊಳ್ಳುವವರಲ್ಲ, ಅವರ ಏಜೆಂಟರು; ಅಂದರೆ ಊಟ ಹೇಗಿತ್ತೆಂದು ಬಡಿಸುವವರನ್ನು ಕೇಳಿದ ಹಾಗಾಯಿತು. ಉಂಡವರನ್ನೇ ಕೇಳಿದ್ದೂ ಉಂಟು. 2015ರಲ್ಲಿ 'ಜರ್ನಲ್ ಆಫ್ ಹೌಸಿಂಗ್ ರಿಸರ್ಚ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, 820 ಮನೆ ಕೊಳ್ಳುವವರಿಗೆ ಒಂದೇ ಮನೆಯನ್ನು ಬೇರೆ ಬೇರೆ ಗೋಡೆ ಬಣ್ಣ, ಬೇರೆ ಬೇರೆ ಪೀಠೋಪಕರಣಗಳ ವೇಷದಲ್ಲಿ ಪರದೆಯ ಮೇಲೆ ತೋರಿಸಿದರು. ಒಳ್ಳೆಯ ವೇಷಕ್ಕೆ ಮೆಚ್ಚುಗೆ ಸಿಕ್ಕಿತು, ಬೆಲೆ ಮಾತ್ರ ಏರಲಿಲ್ಲ. ಸ್ವಾರಸ್ಯ ಇದರ ಮುಂದಿದೆ: ಈ ಬಣ್ಣ, ಈ ಸೋಫಾ ನೋಡಿ ಬೇರೆಯವರು ಕೊಡುವ ಬೆಲೆ ಬದಲಾಗುತ್ತದೆ ಎಂದು ಅವರಲ್ಲಿ ಹೆಚ್ಚಿನವರು ನಂಬಿದ್ದರು. ಇದಕ್ಕೆ ನಮ್ಮಲ್ಲಿ ಸಂಶೋಧನೆಯೇ ಬೇಕಿರಲಿಲ್ಲ, 'ನಾಲ್ಕು ಜನ ಏನಂದಾರು' ಎಂಬ ಮೂರೇ ಮಾತು ಸಾಕಿತ್ತು. ಆ ನಾಲ್ಕು ಜನ ಯಾರೆಂದು ಯಾವ ಊರಲ್ಲೂ ಪತ್ತೆಯಾಗಿಲ್ಲ. ಆದರೂ ಅವರ ಪರವಾಗಿ ಸಂಬಳ ಪಡೆಯುವ ಅಧಿಕೃತ ಪ್ರತಿನಿಧಿ ಯಾರೆಂಬುದು ಈಗ ಸ್ಪಷ್ಟ.

ಹಾಗಾದರೆ ಕಸದ ಗುಡ್ಡೆಯನ್ನೇ ತೋರಿಸಿ ಮಾರಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಹಳೆ ಪತ್ರಿಕೆಗಳ ಕಟ್ಟು ಕಿಟಕಿ ಮುಚ್ಚಿದ್ದರೆ ತೆಗೆಯಲೇಬೇಕು, ಅದು ಪೊರಕೆಯ ಕೆಲಸ, ಪೊರಕೆಗೆ ಬಾಡಿಗೆಯಿಲ್ಲ. ಪೂರ್ತಿ ಖಾಲಿ ಕೋಣೆಯ ಅಳತೆ ಕಣ್ಣಿಗೆ ಸಿಗುವುದಿಲ್ಲ, ಒಂದು ಮಂಚವಾದರೂ ಇರಲಿ ಎಂಬ ವಾದದಲ್ಲಿ ಹುರುಳಿದೆ, ಒಪ್ಪಿದೆ. ಆದರೆ ಕೋಣೆ ದೊಡ್ಡದಾಗಿ ಕಾಣಲೆಂದು ಈ ಕಸುಬಿನವರು ಒಂದು ಅಳತೆ ಚಿಕ್ಕ ಮಂಚ ತರುವುದೂ ಉಂಟಲ್ಲ, ಆಗ ಅಳತೆಯ ಮಾತು ಎಲ್ಲಿ ಉಳಿಯಿತು? ಹೆಣ್ಣು ನೋಡಲು ಬರುವ ದಿನ ನಾವೂ ಪಕ್ಕದ ಮನೆಯ ಕುರ್ಚಿ, ಚಿಕ್ಕಮ್ಮನ ನೆಕ್ಲೇಸು ಎರವಲು ತರುತ್ತಿರಲಿಲ್ಲವೇ ಎಂಬುದು ಇನ್ನೂ ಬಲವಾದ ಆಕ್ಷೇಪ. ತರುತ್ತಿದ್ದೆವು. ಆದರೆ ಹುಡುಗಿ ಮಾತ್ರ ಮನೆಯವಳೇ ಇರುತ್ತಿದ್ದಳು, ಉಪ್ಪಿಟ್ಟು ಕೇಸರಿಬಾತು ನಿಜಕ್ಕೂ ತಿನ್ನಲು ಬರುತ್ತಿತ್ತು. ಈಕೆಯ ನಿಂಬೆಹಣ್ಣು ಎಷ್ಟೋ ಸಲ ಪ್ಲಾಸ್ಟಿಕ್ಕು. ಕಾನೂನಿನ ದೃಷ್ಟಿಯಂತೂ ಇನ್ನೂ ತಮಾಷೆಯದು. ಜಾಹೀರಾತಿನ ಚಿತ್ರದಲ್ಲಿ ಕಂಪ್ಯೂಟರಿನಿಂದ ಸೋಫಾ ಕೂರಿಸಿದ್ದರೆ ಹಾಗೆಂದು ತಿಳಿಸಬೇಕು ಎಂದು ಕ್ಯಾಲಿಫೋರ್ನಿಯಾ 2026ರ ಜನವರಿಯಿಂದ ಕಡ್ಡಾಯ ಮಾಡಿದೆ. ಮಾರಾಟವಾದೊಡನೆ ಲಾರಿ ಹತ್ತುವ ಸೋಫಾಕ್ಕೆ ಆ ಕಟ್ಟಳೆಯಿಲ್ಲ.

ಈಗ ಶನಿವಾರ, ಭಾನುವಾರದ ಓಪನ್ ಹೌಸ್‌ಗೆ ಬರುವವರನ್ನು ನೋಡಿ. ಆ ಭಾಗದ ಬಡಾವಣೆಗಳಲ್ಲಿ ಅವರಲ್ಲಿ ಎಷ್ಟೋ ಜನ ನಮ್ಮ ಕಡೆಯವರೇ. ಬಾಗಿಲು ಯಾವ ದಿಕ್ಕಿಗಿದೆ ಎಂದು ಫೋನಿನ ದಿಕ್ಸೂಚಿ ಹಿಡಿದು ನೋಡುತ್ತಾರೆ, ಒಲೆಯ ಮೇಲಿನ ಹೊಗೆ ಫ್ಯಾನು ಒಗ್ಗರಣೆ ಘಾಟನ್ನು ನಿಜವಾಗಿ ಹೊರಗೆ ತಳ್ಳುತ್ತದೋ ಇಲ್ಲವೋ ಎಂದು ಗುಂಡಿ ಒತ್ತುತ್ತಾರೆ, ಗ್ರೈಂಡರ್ ಎಲ್ಲಿ ಇಡುವುದೆಂದು ಗಂಡ ಹೆಂಡತಿ ಪಿಸುಗುಟ್ಟುತ್ತಾರೆ. ಗೋಡೆಯ ಆಚೆ ಗ್ಯಾರೇಜಿನಲ್ಲಿ ಮಾರುವವರ ಗ್ರೈಂಡರ್ ಹಳೆ ಬೆಡ್‌ಶೀಟ್ ಹೊದ್ದು ಅಡಗಿ ಕೂತಿರುತ್ತದೆ. ಕೊಳ್ಳಲು ಬಂದವರು ತಮ್ಮ ಹಳೆ ಮನೆ ಮಾರಲಿಟ್ಟಿದ್ದರೆ ಅವರದೂ ಇನ್ನೊಂದು ಗ್ಯಾರೇಜಿನಲ್ಲಿ ಅದೇ ಅವಸ್ಥೆಯಲ್ಲಿರುತ್ತದೆ. ಕೊನೆಗೆ ಮೆಟ್ಟಿಲ ಕೆಳಗಿನ ಆ ಹೋಮ್ ಆಫೀಸಿನ ಬಾಗಿಲು ತೆರೆಯುತ್ತಾರೆ. ಕೈಯಗಲದ ಮೇಜು, ಅದರ ಮೇಲೆ ಬಿಳಿ ಆರ್ಕಿಡ್. ಹೆಂಡತಿ ತಲೆ ಒಳಗೆ ಹಾಕಿ ಒಮ್ಮೆ ಉಸಿರೆಳೆದುಕೊಳ್ಳುತ್ತಾಳೆ. ಹೊಸ ಬಣ್ಣದ ಅಡಿಯಿಂದ ಊದುಬತ್ತಿಯ ವಾಸನೆ. 'ಇಲ್ಲೇ ಇಟ್ಟಿದ್ರು ಅನ್ಸತ್ತೆ ರೀ' ಎನ್ನುತ್ತಾಳೆ. ಗಂಡ ಫೋನು ತೆಗೆದು ಮತ್ತೊಮ್ಮೆ ಪೂರ್ವ ನೋಡುತ್ತಾನೆ.