ಅಜ್ಜಿಯ ದಕ್ಷಿಣೆಯೂ ಐಸ್ ಪ್ಲಾಂಟಿನ ಪ್ಯಾರಿಟಿಯೂ

ಮಂಗಳೂರಿನ ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಫೋನ್ ಎತ್ತುವುದೆಂದರೆ ಒಂದು ವಿದ್ಯೆ. ‘ಹಲೋ’ ಎನ್ನಲು ಯಾರಿಗೂ ಕಷ್ಟವಿಲ್ಲ. ಕಷ್ಟವಿರುವುದು ಅದರ ಮರು ಅರ್ಧ ಸೆಕೆಂಡಿನಲ್ಲಿ. ಆ ಕಡೆಯವರು ಉಸಿರೆಳೆದುಕೊಳ್ಳುವ ರೀತಿಯಲ್ಲೇ ಇದು ಕೊಂಕಣಿಯೋ, ತುಳುವೋ, ಬ್ಯಾರಿಯೋ, ಘಟ್ಟದ ಮೇಲಿನ ಕನ್ನಡವೋ ಎಂದು ಅಮ್ಮ ಹಿಡಿದುಬಿಡುತ್ತಾಳೆ. ಒಂದೇ ಒಂದು ಸಲ ತಪ್ಪಿದ್ದು ನನಗೆ ಗೊತ್ತು. ಮೀನಿನವಳೆಂದು ತಿಳಿದು ಬ್ಯಾಂಕಿನ ಮ್ಯಾನೇಜರರ ಹತ್ತಿರ ತುಳುವಿನಲ್ಲಿ ಬಂಗುಡೆಯ ರೇಟು ಕೇಳಿದಳು. ಅವರೂ ಊರಿನವರೇ, ಉರ್ವ ಮಾರ್ಕೆಟಿನಲ್ಲಿ ನಿನ್ನೆ ಎಷ್ಟಿತ್ತೆಂದು ಹೇಳಿ, ಆಮೇಲೆ ಠೇವಣಿಯ ವಿಷಯಕ್ಕೆ ಬಂದರಂತೆ.

ನನ್ನ ಹೊಟ್ಟೆಪಾಡು ಈ ವಿದ್ಯೆ ಇಲ್ಲದ ಯಂತ್ರಗಳ ಜೊತೆ. ಐಸ್ ಪ್ಲಾಂಟು, ಕೋಲ್ಡ್ ಸ್ಟೋರೇಜುಗಳ ಕಂಟ್ರೋಲ್ ಪ್ಯಾನೆಲ್‌ಗಳಿಗೂ ಆಫೀಸಿನ ಕಂಪ್ಯೂಟರಿಗೂ ಮಾತುಕತೆ ಕುದುರಿಸುವುದು ನನ್ನ ಕೆಲಸ. ಒಂದು ರೀತಿಯಲ್ಲಿ ಮದುವೆ ದಲ್ಲಾಳಿ. ಹುಡುಗ ಹುಡುಗಿ ಇಬ್ಬರೂ ಒಳ್ಳೆಯವರೇ, ಆದರೆ ಎದುರೆದುರು ಕೂರಿಸಿದರೆ ಉಸಿರೇ ಇಲ್ಲ.

ಕಳೆದ ಮಳೆಗಾಲದಲ್ಲಿ ಬಂದರು ಕಡೆಯ ಒಂದು ಐಸ್ ಪ್ಲಾಂಟಿನಿಂದ ಕರೆ ಬಂತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲ. ದಕ್ಕೆಯಲ್ಲಿ ಬಲೆ ಹೆಣೆಯುವವರು ಬಲೆ ಹೆಣೆಯುತ್ತಾರೆ, ಐಸ್ ಪ್ಲಾಂಟಿನವರು ರಿಪೇರಿ ಮುಗಿಸಿಕೊಳ್ಳುತ್ತಾರೆ. ಆಗಸ್ಟ್ 1ಕ್ಕೆ ಬೋಟುಗಳು ಹೊರಟಾಗ ಐಸ್ ಇಲ್ಲ ಎಂದರೆ ಕೇಳಬಾರದ್ದನ್ನೆಲ್ಲ ನಾಲ್ಕು ಭಾಷೆಗಳಲ್ಲಿ ಕೇಳಬೇಕಾಗುತ್ತದೆ. ಧನಿಗಳು ಎರಡು ಕಂಪ್ರೆಸರಿಗೆ ಹೊಸ ಪ್ಯಾನೆಲ್ ಹಾಕಿಸಿದ್ದರು. ಉಪ್ಪುನೀರಿನ ಟ್ಯಾಂಕಿಗೆ ಬೇರೆ ಒಂದು ಟೆಂಪರೇಚರ್ ಕಂಟ್ರೋಲರ್ ಇತ್ತು. ಮೂರರ ಲೆಕ್ಕವೂ ಆಫೀಸಿನ ಪರದೆಯ ಮೇಲೆ ಕಾಣಬೇಕು. “ಎರಡು ವಯರ್ ಅಲ್ವಾ ಮಾರಾಯ್ರೆ, ಒಂದು ಗಂಟೆಯ ಕೆಲಸ” ಎಂದರು. ನಾನೂ ಹೌದೆಂದೆ. ಆ ಹೌದಿಗೆ ಎರಡು ದಿನ ಹಿಡಿಯಿತು.

ಎರಡು ವಯರ್ ಎನ್ನುವುದೇನೋ ನಿಜ. ಆರ್‌ಎಸ್-485 ಎಂಬ ಈ ಪದ್ಧತಿಯಲ್ಲಿ ಹೆಣೆದುಕೊಂಡ ಒಂದು ಜೋಡಿ ತಂತಿ ಸಾಕು. 1200 ಮೀಟರಿನವರೆಗೆ ಎಳೆಯಬಹುದು. ಹಬ್ಬದ ಗುರ್ಜಿ ಮಂಟಪಕ್ಕೆ ದೀಪದ ಸರ ಕಟ್ಟಿದ ಹಾಗೆ ಒಂದು ಪೆಟ್ಟಿಗೆಯಿಂದ ಮುಂದಿನದಕ್ಕೆ ಹೋಗಬೇಕು, ಸರದ ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರ್. ತಂತಿಗಳ ಹೆಸರು ಎ ಮತ್ತು ಬಿ. ಒಂದು ಕಂಪನಿಯ ಎ ಎಂದರೆ ಇನ್ನೊಂದು ಕಂಪನಿಯ ಬಿ ಆಗಿರಬಹುದೆಂಬುದು ಈ ವೃತ್ತಿಯ ಹಳೆಯ ತಮಾಷೆ. ನಗು ಬರುವುದು ಮನೆಗೆ ಹೋದ ಮೇಲೆ.

ತಂತಿಯ ಮೇಲೆ ಆಡುವ ಭಾಷೆ ಮಾಡ್‌ಬಸ್, 1979ರಲ್ಲಿ ಮೋಡಿಕಾನ್ ಕಂಪನಿ ಮಾಡಿದ್ದು. ಇದರಲ್ಲಿ ಶಿಸ್ತು ಬಹಳ. ಹೆಡ್‌ಮಾಸ್ತರು ಒಬ್ಬರೇ. ಅವರು ನಂಬರು ಕರೆದು ಕೇಳಿದರೆ ಮಾತ್ರ ಆ ಹುಡುಗ ಉತ್ತರಿಸಬೇಕು, ಉಳಿದವರು ತುಟಿ ಬಿಚ್ಚುವಂತಿಲ್ಲ. ಪ್ರಶ್ನೆಯೇ ಸರಿಯಾಗಿ ಕೇಳಿಸದಿದ್ದರೆ? “ಎಂತ ಹೇಳಿದ್ದು ಸಾರ್?” ಎನ್ನುವ ಪದ್ಧತಿಯೂ ಇಲ್ಲ. ಸುಮ್ಮನೆ ಇರಬೇಕು. ಇಷ್ಟು ವರ್ಷಗಳಲ್ಲಿ ನನ್ನ ಕೂದಲು ನೆರೆತದ್ದು ಈ ಮೌನದಿಂದಲೇ.

ಅವತ್ತೂ ಅದೇ ಮೌನ. ಸಂಜೆಯವರೆಗೆ ಸ್ಕ್ರೂ ಬಿಗಿಸಿದೆ, ಎ-ಬಿ ಅದಲುಬದಲು ಮಾಡಿದೆ, ಮತ್ತೆ ಮೊದಲಿನಂತೆ ಮಾಡಿದೆ. ಮೊದಲು ವೇಗದ ಮೇಲೆ ಸಂಶಯ ಬಂತು. ಬೌಡ್ ರೇಟು ಎನ್ನುತ್ತಾರೆ, ಎಮಿಲ್ ಬೋಡೋ ಎಂಬ ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರನ ಹೆಸರಿನಿಂದ ಬಂದದ್ದು. ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್’ ಎಂದು ಕೂಗುವುದು ನಮಗೆ ಸ್ಪಷ್ಟ. ಹೊಸದಾಗಿ ಬಂದ ಹುಬ್ಬಳ್ಳಿಯವರಿಗೆ ಅದು ಬರೀ ‘ಟೇಬೆಂಕ್‌ಟೇಬೆಂಕ್’. ಶಬ್ದ ತಪ್ಪಲ್ಲ, ಕಿವಿ ತಪ್ಪಲ್ಲ, ವೇಗ ಕೂಡಿಬರಲಿಲ್ಲ ಅಷ್ಟೆ. ಆದರೆ ಇಲ್ಲಿ ಎರಡೂ ಕಡೆ 9600 ಇತ್ತು. ಕೂಡಿಬಂದಿತ್ತು.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅಜ್ಜಿ ಮರುದಿನದ ಪೂಜೆಗೆ ಲಕೋಟೆ ತಯಾರು ಮಾಡುತ್ತಿದ್ದರು. 101 ರೂಪಾಯಿ. ಅಜ್ಜಿಯ ದಕ್ಷಿಣೆ ಯಾವಾಗಲೂ 11, 51, 101. ಬೆಸ ಸಂಖ್ಯೆಯೇ ಆಗಬೇಕು. ಲಕೋಟೆ ತೆರೆದಾಗ ನೂರೇ ಇದ್ದರೆ ದಾರಿಯಲ್ಲಿ ಎಲ್ಲೋ ಒಂದು ರೂಪಾಯಿ ಉದುರಿತೆಂದು ಭಟ್ಟರಿಗೆ ತಕ್ಷಣ ಗೊತ್ತಾಗುತ್ತದೆ. ಎರಡು ಉದುರಿದರೆ ಗೊತ್ತಾಗುವುದಿಲ್ಲ, 99 ಕೂಡ ಬೆಸವೇ. ಅನ್ನ ಕಲಸುತ್ತಿದ್ದ ನನ್ನ ಕೈ ನಿಂತಿತು. ಪ್ಯಾರಿಟಿ!

ಪ್ಯಾರಿಟಿ ಎಂದರೆ ಬೇರೇನಲ್ಲ, ಅಜ್ಜಿಯ ಆ ಒಂದು ರೂಪಾಯಿ. ಕಳಿಸುವ ಅಕ್ಷರದಲ್ಲಿ ಒಂದುಗಳೆಷ್ಟಿವೆ ಎಂದು ಲೆಕ್ಕ ಹಾಕಿ, ಮೊತ್ತ ಸಮ ಅಥವಾ ಬೆಸವಾಗುವಂತೆ ಕೊನೆಯಲ್ಲಿ ಒಂದು ಬಿಟ್ ಸೇರಿಸುವುದು. ಪ್ಯಾನೆಲ್‌ಗಳಲ್ಲಿ ‘ಈವನ್’ ಇತ್ತು, ಅಂದರೆ ಸಮ. ನನ್ನ ಕಂಪ್ಯೂಟರಿನಲ್ಲಿ ‘ನನ್’, ದಕ್ಷಿಣೆಯೇ ಇಲ್ಲ. ನಾನು ಕೇಳಿದ್ದನ್ನೆಲ್ಲ ಪ್ಯಾನೆಲ್‌ಗಳು ತಪ್ಪು ಲೆಕ್ಕವೆಂದು ಬಿಸಾಡಿ, ನಿಯಮದಂತೆ ಬಾಯಿ ಮುಚ್ಚಿ ಕೂತಿದ್ದವು.

ಮರುದಿನ ಈವನ್ ಮಾಡಿದ್ದೇ ತಡ, ಮಾತು ಶುರುವಾಯಿತು. ವಿಪರೀತವೇ ಶುರುವಾಯಿತು. ಎರಡು ಹೊಸ ಪ್ಯಾನೆಲ್‌ಗಳೂ ಒಟ್ಟಿಗೆ ಉತ್ತರಿಸಿ, ತಂತಿಯ ಮೇಲೆ ಗಡ್‌ಬಡ್ — ಐಸ್‌ಕ್ರೀಮಿನದಲ್ಲ, ನಿಜವಾದದ್ದು. ಕಾರ್ಖಾನೆಯಿಂದ ಬರುವಾಗ ಎರಡರ ಅಡ್ರೆಸ್ಸೂ 1. ಮಣ್ಣಗುಡ್ಡದ ಮಾರ್ಗದಲ್ಲಿ ನಿಂತು “ಕಾಮತ್ ಮಾಮ್” ಎಂದು ಕೂಗಿ ನೋಡಿ, ನಾಲ್ಕು ಕಿಟಕಿಯಿಂದ ನಾಲ್ಕು ತಲೆ ಹೊರಬರುತ್ತದೆ, ಅದೇ ಕಥೆ. 1ರಿಂದ 247ರವರೆಗೆ ಅಡ್ರೆಸ್ ಇರುವಾಗ ಜಿಪುಣತನ ಏಕೆ? ಒಂದಕ್ಕೆ 2 ಕೊಟ್ಟೆ, ಟ್ಯಾಂಕಿನದಕ್ಕೆ 3.

ಧನಿಗಳನ್ನು ಕರೆದು ಜಂಬದಿಂದ ಪರದೆ ತೋರಿಸಿದೆ. ಉಪ್ಪುನೀರಿನ ಉಷ್ಣತೆ: 6545.1 ಡಿಗ್ರಿ.

ಸೂರ್ಯನ ಮೈಯ ಮೇಲೆ ಇರುವುದೇ ಸುಮಾರು 5500. ಧನಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಆಪರೇಟರಣ್ಣ ಪರದೆಯ ಕಡೆ ನೋಡಲೇ ಇಲ್ಲ. ಕಂಪ್ರೆಸರಿಗೆ ಬರುವ ಪೈಪಿನ ಮೇಲೆ ಕಟ್ಟಿದ್ದ ಹಿಮವನ್ನು ಉಗುರಿನಿಂದ ಕೆರೆದು, “ಮೈನಸ್ ಎಂಟು ಎಂಟೂವರೆ ಉಂಟು, ನೀವು ಚಾ ಕುಡೀರಿ ಸಾರ್” ಎಂದರು. ಹೋಗಿ ನೋಡಿದೆ, ಟ್ಯಾಂಕಿನ ಕಂಟ್ರೋಲರಿನ ಮೇಲೂ ಮೈನಸ್ 8.5.

ತಪ್ಪು ನನ್ನದೇ. ಈ ಯಂತ್ರಗಳು ದಶಾಂಶದ ಚುಕ್ಕೆ ಕಳಿಸುವುದಿಲ್ಲ, ಮೈನಸ್ 8.5 ಎಂಬುದು ಮೈನಸ್ 85 ಆಗಿ ಹೊರಡುತ್ತದೆ. ಆ ಮೈನಸ್ಸಿಗೂ ತಂತಿಯ ಮೇಲೆ ಬೇರೆ ಚಿಹ್ನೆಯಿಲ್ಲ, 65536ರಿಂದ 85 ಕಳೆದು 65451 ಎಂದು ಬರುತ್ತದೆ. ಇದು ಋಣ ಸಂಖ್ಯೆಯೂ ಆಗಬಹುದೆಂದು ಓದುವವನಿಗೆ ಮೊದಲೇ ಹೇಳಿರಬೇಕು. ನಾನು ಹೇಳಿರಲಿಲ್ಲ. ಐಸ್ ಪ್ಲಾಂಟಿನಲ್ಲಿ ಮೈನಸ್ ಇರುವುದನ್ನು ಮರೆಯುವವನು ಚಾ ಕುಡಿಯಲಿಕ್ಕೇ ಲಾಯಕ್ಕು ಎಂಬ ಅಣ್ಣನ ತೀರ್ಪನ್ನು ಒಪ್ಪಿ ಹೋಗಿ ಕುಡಿದೆ.

ವಾಸ್ತವದಲ್ಲಿ ಆ ಎರಡು ದಿನ ಉಳಿಯಬಹುದಿತ್ತು. ಟ್ಯಾಂಕಿನ ಕಂಟ್ರೋಲರ್ ಇದ್ದ ಡಬ್ಬದ ಬಾಗಿಲಿನ ಒಳಬದಿಗೆ ಹಿಂದೆ ಯಾರೋ ಪುಣ್ಯಾತ್ಮರು ಒಂದು ಚೀಟಿ ಅಂಟಿಸಿದ್ದರು. ಬಾಲ್‌ಪೆನ್ನಿನ ಬರಹ. ತೇವಕ್ಕೆ ಸೆಲ್ಲೋಟೇಪು ಹಳದಿಯಾಗಿ, ಶಾಯಿ ಹರಡಿ, ‘96’ ಎಂಬುದು ಮಾತ್ರ ಉಳಿದಿತ್ತು. ಮುಂದಿನ ಸಾಲಿನಲ್ಲಿ ‘ಈವನ್’ ಇದ್ದಿರಬೇಕಾದ ಜಾಗದಲ್ಲಿ ಒಂದು ನೀಲಿ ಮೋಡ.

ಆದ್ದರಿಂದ ಈ ವೃತ್ತಿಯ ತಮ್ಮಂದಿರಲ್ಲಿ, ತಂಗಿಯರಲ್ಲಿ ಒಂದೇ ಕೋರಿಕೆ: ಕೆಲಸ ಮುಗಿಸಿ ಹೊರಡುವ ಮೊದಲು ಅಡ್ರೆಸ್, ಬೌಡ್ ರೇಟು, ಪ್ಯಾರಿಟಿ, ಅಕ್ಷರ ಮುಗಿಯಿತೆಂದು ಹೇಳುವ ಸ್ಟಾಪ್ ಬಿಟ್ ನಾಲ್ಕನ್ನೂ ಪ್ಯಾನೆಲ್ ಬಾಗಿಲಿನ ಒಳಬದಿಯ ತಗಡಿನ ಮೇಲೆಯೇ ಬರೆದಿಡಿ. ಕಾಗದದ ಮೇಲೆ ಬೇಡ. ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯಿರಿ.