ಡಾಸ್ ದರ್ಶನ: ಅಳಿಸಿದ ಫೈಲಿನ ಪರಲೋಕ ವಿಚಾರ

ಸತ್ತ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗೆ ದರ್ಶನಕಾರರು ಕೊಟ್ಟ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೀಲಿಮಣೆಯ ಮೇಲೇ ಅದನ್ನು ಇತ್ಯರ್ಥ ಮಾಡಿದ ದರ್ಶನ ಒಂದೇ: 1981ರಲ್ಲಿ ಐಬಿಎಂ ಪಿಸಿಯ ಜೊತೆ ಅವತರಿಸಿದ ಎಂಎಸ್-ಡಾಸ್. ಪಂಡಿತರು ಇದನ್ನು ಈವರೆಗೆ ಆಪರೇಟಿಂಗ್ ಸಿಸ್ಟಂಗಳ ಸಾಲಿಗೆ ಸೇರಿಸಿ ಕೈತೊಳೆದುಕೊಂಡಿದ್ದಾರೆ. ನಮ್ಮ ಪ್ರತಿಜ್ಞೆ ಇಷ್ಟು: ಡಾಸ್ ಮತದಲ್ಲಿ ಜೀವವಿರುವುದು ಹೆಸರಿನ ಮೊದಲ ಅಕ್ಷರದಲ್ಲಿ. ಇನಿಷಿಯಲ್ ತಪ್ಪಿದ್ದಕ್ಕೆ ಪಿಂಚಣಿಯೇ ನಿಂತುಹೋಗುವ ನಾಡಿನವರಿಗೆ ಇದನ್ನು ಒಪ್ಪಿಸಲು ಹೆಚ್ಚು ಶ್ರಮ ಬೇಕಿಲ್ಲ. ಆದರೂ ಪ್ರಮಾಣವಿಲ್ಲದೆ ಮಾತಾಡುವುದು ಶಾಸ್ತ್ರಕ್ಕೆ ಸಲ್ಲದು.

ಮೊದಲು ಪ್ರತ್ಯಕ್ಷ ಪ್ರಮಾಣ. ಕಪ್ಪು ಪರದೆಯ ಮೇಲೆ ಡೆಲ್ ಎಂದು ಹೊಡೆದು, ಮುಂದೆ ರಾಮ ಎಂಬ ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಿದರೆ ಡಾಸ್ ಅಯ್ಯೋ ಎನ್ನುವುದಿಲ್ಲ, ಆಯಿತು ಎಂದೂ ಎನ್ನುವುದಿಲ್ಲ. ಕೆಳಗಿನ ಸಾಲಿನಲ್ಲಿ ಮತ್ತದೇ ಸಿ ಡ್ರೈವಿನ ಗುರುತು, ಪಕ್ಕದಲ್ಲಿ ಮಿಣುಕುವ ಕರ್ಸರ್. ಡಿಐಆರ್ ಕಮಾಂಡ್ ಕೊಟ್ಟು ನೋಡಿದರೆ ಪಟ್ಟಿಯಲ್ಲಿ ರಾಮನಿಲ್ಲ. ಚಾರ್ವಾಕರು ಇಲ್ಲಿಗೆ ಕಥೆ ಮುಗಿಯಿತೆಂದು ಎದ್ದುಹೋಗುತ್ತಾರೆ. ಸ್ವಲ್ಪ ಕೂತಿದ್ದರೆ ಅವರಿಗೂ ಜ್ಞಾನೋದಯವಾಗುತ್ತಿತ್ತು. ಡಿಸ್ಕಿನ ಡೈರೆಕ್ಟರಿಯಲ್ಲಿ ಪ್ರತಿ ಫೈಲಿಗೂ 32 ಬೈಟುಗಳ ಜಾತಕವೊಂದಿದೆ. ಹೆಸರಿಗೆ 8 ಅಕ್ಷರ, ಕುಲ ತಿಳಿಸುವ ಬಾಲಕ್ಕೆ 3, ಉಳಿದದ್ದರಲ್ಲಿ ದಿನಾಂಕ, ವೇಳೆ, ಗಾತ್ರ, ಮೊದಲ ಕ್ಲಸ್ಟರಿನ ವಿಳಾಸ ಇತ್ಯಾದಿ. ಅಳಿಸುವಾಗ ಡಾಸ್ ಈ ಜಾತಕದಲ್ಲಿ ಮುಟ್ಟುವುದು ಒಂದೇ ಒಂದು ಬೈಟನ್ನು: ಹೆಸರಿನ ಮೊದಲಕ್ಷರ ತೆಗೆದು ಅಲ್ಲಿ 229 ಎಂಬ ಸಂಖ್ಯೆಯನ್ನು ಕೂರಿಸುತ್ತದೆ. ಫೈಲ್ ಹಿಡಿದಿದ್ದ ಜಾಗ ಖಾಲಿ ಎಂದು ಬೇರೊಂದು ಕೋಷ್ಟಕದಲ್ಲಿ ಬರೆದುಕೊಳ್ಳುತ್ತದೆ, ಅಷ್ಟೇ. ಒಳಗಿನ ಬರಹ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಇನ್ನೊಂದು ಫೈಲ್ ಬಂದು ಕೂರುವವರೆಗೆ. ಈ 229 ಡಾಸ್‌ನ ಸ್ವಂತ ಕಲ್ಪನೆಯೂ ಅಲ್ಲ. ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ಸಂಪ್ರದಾಯದಲ್ಲೇ ಅದು ಅಳಿದವರ ಗುರುತಾಗಿತ್ತು. ಅಲ್ಲಿಂದ ಟಿಮ್ ಪ್ಯಾಟರ್ಸನ್ ಅವರ 86-ಡಾಸ್‌ಗೆ, ಅಲ್ಲಿಂದ ಮೈಕ್ರೋಸಾಫ್ಟ್ ಪೀಠಕ್ಕೆ ಬಂತು. ಇದಕ್ಕಿಂತ ಶುದ್ಧವಾದ ಗುರುಪರಂಪರೆ ಯಾವ ದರ್ಶನಕ್ಕಿದೆ?

ನಿರ್ಣಾಯಕ ಪ್ರಮಾಣ ದೊರೆತದ್ದು 1991ರಲ್ಲಿ, 5ನೆಯ ಆವೃತ್ತಿ ಅನ್‌ಡಿಲೀಟ್ ಎಂಬ ಸಂಜೀವಿನಿಯನ್ನು ತಂದಾಗ. ಅದು ಸತ್ತ ಫೈಲನ್ನು ಹುಡುಕಿ, ಮೊದಲಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟು ತೋರಿಸಿ, ಎಬ್ಬಿಸಲೇ ಎಂದು ಕೇಳುತ್ತದೆ. ವೈ ಒತ್ತಿದರೆ ಹೆಸರಿನ ಮೊದಲಕ್ಷರ ಯಾವುದು ಎನ್ನುತ್ತದೆ. ಅಪ್ಪನ ಹೆಸರು ಬೇಡ, ಗೋತ್ರ ಬೇಡ, ಆ ಒಂದಕ್ಷರ ಸಾಕು. ಕೊಟ್ಟದ್ದು ಸರಿಯೇ ಎಂದೂ ಅದು ಪರೀಕ್ಷಿಸುವುದಿಲ್ಲ. ಡಾಸ್‌ನ ರೋಮನ್ ಲಿಪಿಯಲ್ಲಿ ರಾಮನಿಗೆ ಆರ್ ಬದಲು ಕೆ ಕೊಟ್ಟರೆ ಕಾಮನಾಗಿ ಎದ್ದು ಬರುತ್ತಾನೆ, ವೈ ಕೊಟ್ಟರೆ ಯಮನಾಗಿ. ದೇಹ ಅದೇ, ಗಾತ್ರ ಅದೇ, ಒಳಗಿನ ಸಾಲುಗಳೂ ಅವೇ.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ಮೈಕ್ರೋಸಾಫ್ಟ್ 50,000 ಡಾಲರಿಗೆ ಹಕ್ಕು ಕೊಂಡ ಸರಕು ದರ್ಶನ ಹೇಗಾದೀತು ಎನ್ನುತ್ತಾರೆ. ಡಾಲರಿನ ದಕ್ಷಿಣೆ ನಿಷಿದ್ಧವೆಂದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಸತ್ಯನಾರಾಯಣ ಪೂಜೆಯೂ ನಡೆಯುತ್ತಿರಲಿಲ್ಲ. ಇದಕ್ಕಿಂತ ತೂಕದ ಆಕ್ಷೇಪ ಜಪಾನಿನದು. ಅಲ್ಲಿನ ಕಾಂಜಿ ಬರವಣಿಗೆಯಲ್ಲಿ ಫೈಲಿನ ಹೆಸರು ಸಹಜವಾಗಿಯೇ 229ರಿಂದ ಶುರುವಾಗಬಹುದು. ಹಾಗಾದರೆ ಅದು ಹುಟ್ಟುತ್ತಲೇ ಸತ್ತಂತೆಯೇ? ಡಾಸ್ ಇದಕ್ಕೂ ಅಪವಾದಸೂತ್ರ ಇಟ್ಟಿದೆ: ಅಂಥ ಫೈಲಿನ ಮೊದಲ ಬೈಟಿಗೆ 229ರ ಬದಲು 5 ಎಂದು ಬರೆದಿಟ್ಟು, ಓದುವಾಗ ಮತ್ತೆ 229 ಎಂದೇ ತಿಳಿಯುತ್ತದೆ. ಮೊದಲಕ್ಷರಕ್ಕೆ ಇಷ್ಟು ಮಡಿ ಮಾಡುವ ಮತಕ್ಕೆ ಜೀವ ಬೇರೆಲ್ಲೋ ಇದೆಯೆಂಬ ನಂಬಿಕೆ ಇದ್ದೀತೇ? ಕೊನೆಯದಾಗಿ, ಡಿಸ್ಕಿನ ತುಂಬ ಚೂರುಚೂರಾಗಿ ಹರಡಿದ್ದ ಫೈಲ್ ಎಬ್ಬಿಸಿದರೂ ಪೂರ್ತಿ ಬರುವುದಿಲ್ಲವಲ್ಲ ಎನ್ನುತ್ತಾರೆ. ನಿಜ, ಒಂದು ಕ್ಲಸ್ಟರಿನಿಂದ ಇನ್ನೊಂದಕ್ಕೆ ದಾರಿ ತೋರುವ ಸರಪಳಿಯೂ ಅಳಿಸುವಾಗ ಕಡಿದುಹೋಗಿರುತ್ತದೆ. ಅದು ಅಂಗವೈಕಲ್ಯವೇ ಹೊರತು ಮರಣವಲ್ಲ. ಶಾಸ್ತ್ರ ಎರಡನ್ನೂ ಕಲಸುವುದಿಲ್ಲ.

ಹೆಸರು ಮರೆತ ಯಜಮಾನರಿಗಾಗಿ 5ನೆಯ ಆವೃತ್ತಿಯಲ್ಲಿ ಮಿರರ್ ಎಂಬ ಚಿತ್ರಗುಪ್ತನೂ ಇದ್ದ. ನೇಮಿಸಿಕೊಂಡರೆ ಅಳಿಸಿದ ಪ್ರತಿ ಫೈಲಿನ ಲೆಕ್ಕ ಬರೆದಿಡುತ್ತಿದ್ದ, ಮೊದಲಕ್ಷರ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಅವನು ಸದಾ ಮೆಮೊರಿಯಲ್ಲೇ ಠಿಕಾಣಿ ಹೂಡಬೇಕಿತ್ತು, ಡಾಸ್ ಲೋಕದಲ್ಲಿ ಪ್ರೋಗ್ರಾಮುಗಳಿಗೆಲ್ಲ ಸೇರಿ ಇದ್ದದ್ದು 640 ಕೆಬಿ. ಹೊಸ ಗೇಮ್ ಒಂದು ಮೆಮೊರಿ ಸಾಲದೆಂದು ಹಟ ಹಿಡಿದಾಗ ಚಿತ್ರಗುಪ್ತನಿಗೆ ಮೊದಲು ನೋಟಿಸ್ ಹೋಗುತ್ತಿತ್ತು.