ಎದುರುಮನೆಯ ಯೂರೋಪು

ಯೂರೋಪಿಗೆ ಹೋಗಿಬಂದವರಲ್ಲಿ ಎರಡು ಜಾತಿ. ಟೂರ್ ಕಂಪನಿ ಜೊತೆ ಹೋದವರು ಚಾಕೊಲೇಟ್ ಹಂಚಿ ವಾರದೊಳಗೆ ಸುಮ್ಮನಾಗುತ್ತಾರೆ. ಬೆನ್ನಿಗೆ ಚೀಲ ಏರಿಸಿ ತಾವೇ ಸುತ್ತಿಬಂದ ದಂಪತಿ ಯುಗಾದಿಗೆ ಶುರು ಮಾಡಿದ ಕಥೆ ದೀಪಾವಳಿಗೂ ಮುಗಿಯುವುದಿಲ್ಲ. ನಮ್ಮ ಎದುರುಮನೆಯವರು ಈ ಎರಡನೇ ಜಾತಿ.

ರಾಯರು ಬ್ಯಾಂಕಿನಿಂದ ನಿವೃತ್ತರು. ಅವರ ಮನೆಯವರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ ಟೀಚರಮ್ಮ. ಯೂತ್ ಹಾಸ್ಟೆಲ್‌ನಲ್ಲಿ ನಿಮಗೇನು ಕೆಲಸ ಎಂದರೆ, "1912ರಲ್ಲಿ ಜರ್ಮನಿಯ ಆಲ್ಟೆನಾ ಕೋಟೆಯಲ್ಲಿ ಯೂತ್ ಹಾಸ್ಟೆಲ್ ತೆರೆದದ್ದೇ ಒಬ್ಬ ಮೇಷ್ಟ್ರು" ಎಂದು ಟೀಚರಮ್ಮ ಬಾಯಿ ಮುಚ್ಚಿಸುತ್ತಾರೆ. ಮೇಲಿನ ಮಂಚ ಹತ್ತಿದ ರಾಯರು ನಡುರಾತ್ರಿ ಬಿ.ಪಿ. ಮಾತ್ರೆಗಾಗಿ ಪ್ಲಾಸ್ಟಿಕ್ ಕವರ್ ಪರಪರ ಅನ್ನಿಸಿ ಇಡೀ ಕೋಣೆಯನ್ನು ಎಬ್ಬಿಸಿದ ಸಂಗತಿಯನ್ನೂ ಅವರೇ ಹೇಳುತ್ತಾರೆ.

ರಾಯರಿಗೆ ಊರೆಂದರೆ ಲೆಕ್ಕ. "ವೀಸಾ ಫೀಸು 90 ಯೂರೋ, ಷೆಂಗೆನ್‌ನಲ್ಲಿ 29 ದೇಶ. ದೇಶಕ್ಕೆ ಮೂರು ಯೂರೋ ಚಿಲ್ಲರೆ ಬಿತ್ತು ಸ್ವಾಮಿ. ಎಲ್ಲ ನೋಡೋಕಾಗ್ಲಿಲ್ಲ, ಲಾಸ್!" ಬೀದಿ ನಲ್ಲಿಯಲ್ಲಿ ಪುಕ್ಕಟೆ ಕುಡಿಯುವ ನೀರು ಹರಿಯುವ ರೋಮ್ ಅವರ ಪ್ರಕಾರ ಧರ್ಮಿಷ್ಠ ಊರು. ಖಾಲಿ ಬಾಟಲಿ ಯಂತ್ರಕ್ಕೆ ಹಾಕಿದರೆ 25 ಸೆಂಟ್ ಡೆಪಾಸಿಟ್ ಹಿಂದಿರುಗಿಸುವ ಬರ್ಲಿನ್ ಪ್ರಾಮಾಣಿಕ ಊರು. ಪ್ಯಾರಿಸ್ ಬಗ್ಗೆ ಮಾತ್ರ ಬೇಸರ: ಅಷ್ಟುದ್ದ ಕ್ಯೂ ನಿಂತು ನೋಡಿದ ಮೋನಾಲಿಸಾ 77 ಸೆಂಟಿಮೀಟರ್ ಎತ್ತರ, 53 ಅಗಲ. ನಮ್ಮ ಬ್ಯಾಂಕಿನ ಕ್ಯಾಲೆಂಡರಿನಷ್ಟೂ ಇಲ್ಲ ಎನ್ನುತ್ತಾರೆ.

ಇದೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಪ್ರಾಗ್. ಅಲ್ಲಿನ ಹಳೇ ಪೇಟೆಯಲ್ಲಿ 1410ರ ಗಡಿಯಾರವೊಂದಿದೆ. ಗಂಟೆಗೊಮ್ಮೆ ಅಸ್ಥಿಪಂಜರದ ಬೊಂಬೆ ಗಂಟೆ ಎಳೆಯುತ್ತದೆ, ಕಿಟಕಿ ತೆರೆದು ಯೇಸುವಿನ ಶಿಷ್ಯರು ಸಾಲಾಗಿ ಹಾದುಹೋಗುತ್ತಾರೆ, ಕೊನೆಗೆ ಹುಂಜ ಕೂಗುತ್ತದೆ. ಅಲ್ಲಿ ನಿಮಿಷದೊಳಗೆ ಮುಗಿಯುವ ಆಟ ಎದುರುಮನೆಯಲ್ಲಿ ಎರಡು ಕಾಫಿಯಾದರೂ ಮುಗಿಯುವುದಿಲ್ಲ.

"ಮೊದಲು ಕಿಟಕಿ ತೆರೀತು" ಎಂದರು ರಾಯರು.

"ರೀ, ನೀವೆಲ್ಲಿ ನೋಡಿದ್ರಿ? ಪಾಸ್‌ಪೋರ್ಟ್ ಚೀಲ ಅವುಚಿಕೊಂಡು ಅಕ್ಕಪಕ್ಕದವರ ಕೈ ಕಾಯ್ತಾ ನಿಂತಿದ್ರಿ."

"ನೀನೇನು ಕಣ್ಣಲ್ಲಿ ನೋಡಿದ್ಯಾ? ಮೊಬೈಲ್ ಒಳಗೇ ಮುಳುಗಿದ್ದೆ."

ಸಾಕ್ಷಿಗೆ ಟಿ.ವಿ.ಯಲ್ಲಿ ವಿಡಿಯೋ ಬಂತು. ಯಾರದೋ ಸೆಲ್ಫಿ ಕೋಲು, ಯಾರದೋ ಟೋಪಿ, ಅವುಗಳ ಮೇಲೆ ಗೋಪುರದ ತುದಿ. "ಹುಂಜ ಕೂಗಿದ್ದು ಕೇಳಿಸ್ತಾ?" ಎಂದು ಇಬ್ಬರೂ ನನ್ನತ್ತ ತಿರುಗಿದರು. ಮತ್ತೆ ಹಾಕಿದರು. ಮಗದೊಮ್ಮೆ ಹಾಕಿದಾಗ, ಮನೆ ಸೇರುವ ಆಸೆಯಿಂದ, ನನಗೂ ಕೇಳಿಸಿತು.

ಬೈದುಕೊಂಡೇ ಎದ್ದವನನ್ನು ಕೈಹಿಡಿದು ಕೂರಿಸಿ ಜರ್ಮನಿಯ ಭಾನುವಾರದ ಕಥೆ ಹೇಳಿದರು. ಅಂದು ಅಲ್ಲಿ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಅದು ನೆನಪಾಗುವ ಹೊತ್ತಿಗೆ ಶನಿವಾರ ಕಳೆದಿತ್ತು. ಹಾಸ್ಟೆಲ್ ಅಡುಗೆಮನೆಯಲ್ಲಿ ಬಿಸಿನೀರಿಗೆ ಅವಲಕ್ಕಿ ನೆನೆಹಾಕಿ, ಮೇಲೆ ಚಟ್ನಿಪುಡಿ ಉದುರಿಸಿ, ಇದ್ದ ಒಂದೇ ಚಮಚದಲ್ಲಿ ಸರದಿಯ ಮೇಲೆ ತಿಂದರಂತೆ. ರಾಯರು ಅರ್ಧ ಹೇಳಿದರು, ಟೀಚರಮ್ಮ ಉಳಿದರ್ಧ. ಯಾರೂ ಯಾರನ್ನೂ ತಿದ್ದಲಿಲ್ಲ.

ಸರ್ವಿಸ್ ಪೂರ್ತಿ ಬೆಳಿಗ್ಗೆ ಒಬ್ಬರು ಬ್ಯಾಂಕಿಗೆ, ಒಬ್ಬರು ಶಾಲೆಗೆ ಓಡಿದ ಜೋಡಿ. ಮನೆಯಲ್ಲಿ ಮಾತೆಂದರೆ ಹಾಲಿನ ಲೆಕ್ಕ, ಗ್ಯಾಸ್ ಬುಕಿಂಗ್, ಮಕ್ಕಳ ಫೀಸು. ಈಗ ಜಗಳಕ್ಕೆ ಒಂದು ಗಡಿಯಾರ ಸಿಕ್ಕಿದೆ. ಆಡಲಿ ಪಾಪ. ದುಡ್ಡು ಕೊಟ್ಟು ಏನೇನೋ ತರುತ್ತೇವೆ, ಇಬ್ಬರಿಗೂ ಸೇರಿದ ನೆನಪು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಈ ದೊಡ್ಡ ಮಾತನ್ನು ನನ್ನವಳ ಮುಂದೂ ಆಡಿದೆ. "ನಮ್ಮ ಕಾಶಿಯಾತ್ರೆ ನೋಡು, ಟೂರ್ ಬಸ್ಸು. ಗೈಡ್ ಹೇಳಿದ್ದನ್ನೇ ಇಬ್ಬರೂ ಕೇಳಿದ್ವಿ. ಜಗಳಕ್ಕೆ ಏನೂ ಉಳೀಲಿಲ್ಲ."

"ಇಬ್ಬರೂ ಅಂದ್ರೆ?" ಅವಳು ಸೊಪ್ಪು ಬಿಡಿಸುವುದು ನಿಲ್ಲಿಸಿದಳು. "ಗೈಡ್ ಹೇಳಿದ್ದು ಕೇಳಿದವಳು ನಾನೊಬ್ಬಳೇ. ನೀವು ದಾರಿಯುದ್ದಕ್ಕೂ ಗೊರಕೆ."

"ಗೊರಕೆ ಹೊಡೆದದ್ದು ನಾನಲ್ಲ, ಹಿಂದಿನ ಸೀಟಿನವರು" ಎಂದೆ. ರಾತ್ರಿ ಊಟ ತಡವಾಯಿತು.